ದುರ್ಬೀನಿನ ಬಿರಡೆ

ನಾನು ಈಗ ಕೆಲಸ ಮಾಡುವ ಮೈಸೂರಿನ ಕಾಲೇಜಿನಲ್ಲಿ ಆಯುಧಪೂಜೆಯ ಹಿಂದಿನ ದಿನ ಪ್ರಯೋಗಶಾಲೆಯ ಹಿತ್ತಾಳೆ ಸಾಮಾನುಗಳನ್ನೆಲ್ಲ ಹುಣಸೆಹುಳಿ ಹಚ್ಚಿ ತಿಕ್ಕುತ್ತಾರೆ. ಈ ವರ್ಷವೂ ಜವಾನ ಬೋಗುಣಿಯಲ್ಲಿ ಹುಳಿ ಕಿವುಚಿಕೊಂಡು ಕುಳಿತಿದ್ದ. ಹುಳಿ, ಬೂದಿ, ಒದ್ದೆ ಲೋಹ ಮೂರೂ ಕೂಡಿದ ಆ ವಾಸನೆ ಬಾಗಿಲಲ್ಲೇ ತಗುಲಿತು. ಅವನು ಕೆಲಸ ಮುಗಿಸುವ ತನಕ ನಾನು ಕದಲದೆ ನಿಂತು ನೋಡುತ್ತಿದ್ದೆ.

"ಯಾಕ್ ತಾಯೀ, ನನ್ ಮೇಲೆ ನಂಬ್ಕೆ ಇಲ್ವಾ?" ಎಂದ.

"ನಂಬಿಕೆ ಮಾತಲ್ಲ" ಎಂದೆ. ಅವನು ಒಪ್ಪಿದಂತೆ ಕಾಣಲಿಲ್ಲ. ಹಾಗೆ ನಿಂತು ನೋಡುವುದನ್ನು ನಾನು ಕಲಿತದ್ದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ನಮ್ಮ ಊರಿನಲ್ಲಿ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು, ಮಧುರೆ ಹೋಬಳಿ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ, ಉತ್ತರಕ್ಕೆ ಕಾಯುತ್ತ ನಾನು ಊರಲ್ಲಿದ್ದೆ. ಆ ಸಲ ಮಳೆ ಹದವಾಗಿ ಬಂದಿತ್ತು. ರಾಗಿ ಸೊಂಟದೆತ್ತರ ಬೆಳೆದಿತ್ತು. ಬೆಳೆ ಎದ್ದ ಮೇಲೆ ಗುಡ್ಡದ ಚಿರತೆಗೆ ಊರಂಚಿನವರೆಗೂ ಮರೆ ಸಿಕ್ಕಿತು. ಮೊದಲು ನಾಯಿಗಳು ಹೋದವು, ಆಮೇಲೆ ಕರುಗಳು. ನಮ್ಮ ಕಡೆ ಅದನ್ನು ಕಿರುಬ ಎನ್ನುತ್ತಾರೆ. ಸುತ್ತಿನಲ್ಲಿ ರೈಫಲ್ಲಿನ ಲೈಸೆನ್ಸು ಇದ್ದದ್ದು ಅಪ್ಪನೊಬ್ಬನಿಗೇ. ಹಾಗಾಗಿ ಕರು ಕಳೆದುಕೊಂಡವರೆಲ್ಲ ನಮ್ಮ ಜಗಲಿಗೇ ಬಂದು ಕೂರುತ್ತಿದ್ದರು.

ಅಪ್ಪನಿಗೆ ಐವತ್ತು ದಾಟಿತ್ತು. ಮುಸ್ಸಂಜೆಯಲ್ಲಿ ರೈಫಲ್ಲಿನ ತುದಿಯಲ್ಲಿ ಗುರಿ ಹಿಡಿಯುವ ಮೊನೆ ಕಾಣುವುದಿಲ್ಲ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಅದನ್ನು ತಿಳಿದುಕೊಂಡವರು ದೊಡ್ಡಬಳ್ಳಾಪುರದ ಕರೀಂ ಸಾಹೇಬರು. ಪೇಟೆಯಲ್ಲಿ ಕೋವಿ ರಿಪೇರಿ ಮಾಡುವ ಅಂಗಡಿ ಅವರದು. ಅಪ್ಪನ ರೈಫಲ್ಲನ್ನು ಮೊದಲಿನಿಂದಲೂ ಅವರೇ ನೋಡಿಕೊಳ್ಳುತ್ತಿದ್ದರು. "ಬೆಂಗಳೂರು ದಂಡಿನಲ್ಲಿ ಮಿಲಿಟರಿ ಡಿಸ್ಪೋಸಲ್ ಮಾಲು ಬಂದೈತೆ ಗೌಡ್ರೇ. ಬಂದೂಕಿನ ಮೇಲೆ ಕೂರಿಸೋ ದುರ್ಬೀನು. ಒಂದು ತಂದ್ಬಿಡಿ, ನಾನು ಕೂರಿಸಿ ಕೊಡ್ತೀನಿ" ಎಂದು ಅಂಗಡಿಯ ಗುರುತು ಹೇಳಿದರು.

ಅಪ್ಪ, ಚಿಕ್ಕಪ್ಪ, ನಾನು ಇದ್ದಿಲು ಬಸ್ಸು ಹತ್ತಿ ಹೊರಟೆವು. ನನ್ನನ್ನು ಕರೆದುಕೊಂಡದ್ದು ಇಂಗ್ಲಿಷ್ ಓದುವುದಕ್ಕೆ. ಚಿಕ್ಕಪ್ಪ ಬಂದದ್ದು ಯಾರೂ ನಮಗೆ ಮೋಸ ಮಾಡದಂತೆ ನೋಡಿಕೊಳ್ಳುವುದಕ್ಕೆ. ಅವನಿಗೆ ಲೋಕದಲ್ಲಿ ಎಲ್ಲರ ಮೇಲೂ ಅನುಮಾನ. ದಾರಿಯಲ್ಲೇ ಶುರುವಾಯಿತು: "ಸಾಯ್ಬ ಯಾಕಣ್ಣಾ ಅದೇ ಅಂಗಡಿ ಹೇಳ್ದ? ಅವನ್ಗೂ ಅಲ್ಲಿಗೂ ಏನೋ ಐತೆ."

ಅಂಗಡಿಯವನು ಹಸಿರು ಬಟ್ಟೆಯ ಮೇಲೆ ಮೂರು ಜರ್ಮನ್ ದುರ್ಬೀನು ಇಟ್ಟ. ಎಲ್ಲಕ್ಕಿಂತ ಉದ್ದದ್ದನ್ನು ಅಪ್ಪನ ಕೈಗೆ ಕೊಟ್ಟು, "ಎಂಟು ಪಟ್ಟು ದೊಡ್ಡದಾ ಕಾಣ್ತದೆ ಸಾರ್. ಎದುರು ಗೋಪುರದ ಪಾರಿವಾಳದ ಕಣ್ಣು ಕಾಣ್ತದೆ" ಎಂದ. ಚಿಕ್ಕಪ್ಪ ನೋಡಿ ದಂಗಾದ. ನನಗೆ ಅಂಗಡಿಯವನ ನಗು ಹಿಡಿಸಲಿಲ್ಲ. ದುರ್ಬೀನನ್ನು ಕಿಟಕಿಯ ಕಡೆ ತಿರುಗಿಸಿ, ಕಣ್ಣಿಡುವ ತುದಿಯ ಹಿಂದೆ ಒಂದು ಕಾಗದ ಹಿಡಿದೆ. ಬೆಳಕಿನ ಒಂದು ಸಣ್ಣ ಬಿಲ್ಲೆ ಬಿತ್ತು, ಮೆಣಸಿನ ಕಾಳಿಗಿಂತ ಸ್ವಲ್ಪ ಮಿಗಿಲು. ಮುಂದಿನ ಗಾಜಿನ ಅಗಲವನ್ನು, ಅದು ಎಷ್ಟು ಪಟ್ಟು ದೊಡ್ಡದು ಮಾಡುತ್ತದೋ ಅದರಿಂದ ಭಾಗಿಸಿದರೆ ಈ ಬಿಲ್ಲೆಯ ಅಗಲ ಬರುತ್ತದೆ. ಹಗಲಲ್ಲಿ ಕಣ್ಣಿನ ಪಾಪೆ ಕುಗ್ಗಿರುತ್ತದೆ, ಇಷ್ಟೇ ಬೆಳಕು ಸಾಕು. ಮುಸ್ಸಂಜೆಯಲ್ಲಿ ಪಾಪೆ ಅಗಲವಾಗಿ ತೆರೆದುಕೊಂಡಿರುತ್ತದೆ. ಆಗ ಇಷ್ಟು ಬೆಳಕು ಸಾಲದು, ಎಂಟು ಪಟ್ಟು ದೊಡ್ಡದಾಗಿ ಕಾಣುವುದು ಎಂಟು ಪಟ್ಟು ದೊಡ್ಡ ಕತ್ತಲೆ. ಎರಡನೆಯ ದುರ್ಬೀನು ನಾಲ್ಕು ಪಟ್ಟಿನದು, ಮುಂದಿನ ಗಾಜು ಅಗಲ. ಅದರ ಬಿಲ್ಲೆ ಅವರೆಕಾಳಿನಷ್ಟಿತ್ತು.

"ಇದು" ಎಂದೆ.

ಪಕ್ಕದಲ್ಲಿ ಮಿಲಿಟರಿಯಿಂದ ನಿವೃತ್ತರಾದ ಒಬ್ಬರು ನಿಂತಿದ್ದರು. ಗುರಿ ಸ್ಪರ್ಧೆಗೆ ಹೋಗುವವರಂತೆ. ಅವರು ಎಂಟು ಪಟ್ಟಿನದನ್ನೇ ಎತ್ತಿಕೊಂಡರು. ಗುರಿ ಹಿಡಿಯುವ ಗುರುತಾಗಿ ಅದರೊಳಗಿದ್ದದ್ದು ಕೂದಲೆಳೆಯಂತಹ ಎರಡು ಗೆರೆ. "ಬಿಳಿ ಹಲಗೆ ಮೇಲೆ ಕರಿ ಚುಕ್ಕೆ ಹೊಡೆಯೋರಿಗೆ ಇದೇ ಸರಿ ಮಗಳೇ. ಗೆರೆ ದಪ್ಪ ಆದ್ರೆ ಚುಕ್ಕೆ ಮುಚ್ಚಿಹೋಗುತ್ತೆ. ನಿಮ್ಮ ತಂದೆಗೆ ಇದು ಬೇಡ. ಪೊದೆಯಲ್ಲಿ ಈ ಗೆರೆ ಕಳೆದುಹೋಗುತ್ತೆ" ಎಂದರು. ನಾನು ಆರಿಸಿದ್ದರಲ್ಲಿ ಕೆಳಗಿನಿಂದ ಮೇಲೆದ್ದ ದಪ್ಪ ಕಡ್ಡಿಯೊಂದಿತ್ತು. ಅದರ ಚೂಪು ತುದಿ ನೋಟದ ವೃತ್ತದ ಸರಿಯಾಗಿ ನಡುವೆ ನಿಂತಿತ್ತು. ಕಣ್ಣನ್ನು ಅತ್ತಿತ್ತ ಸರಿಸಿ, ಕಡ್ಡಿ ಗೋಪುರದ ಮೇಲೆ ಈಜಾಡುವುದೋ ಎಂದು ನೋಡಿದೆ. ಹೆಚ್ಚು ಆಡಲಿಲ್ಲ. ಅಲುಗಿಸಿದೆ, ಒಳಗೆ ಸದ್ದಿಲ್ಲ. ದೀಪಕ್ಕೆ ಹಿಡಿದೆ, ಗಾಜಿನಲ್ಲಿ ಬೂಸಲಿಲ್ಲ. ಅಪ್ಪ ಕಣ್ಣಿಟ್ಟಾಗ ಹುಬ್ಬಿಗೂ ಗಾಜಿಗೂ ಮೂರು ಬೆರಳಿನ ಎಡೆ ಉಳಿದೂ ಪೂರ್ತಿ ವೃತ್ತ ಕಂಡಿತು. ಅಷ್ಟು ಎಡೆ ಇಲ್ಲದಿದ್ದರೆ ಗುಂಡು ಹಾರಿದಾಗ ರೈಫಲ್ಲು ಹಿಂದಕ್ಕೆ ಒದ್ದು ಹುಬ್ಬು ಸೀಳುತ್ತದೆ.

ಕೊಳವೆಯ ನೆತ್ತಿಯ ಮೇಲೆ ತಿರುಗಿಸುವಂಥ ಕಪ್ಪು ಬಣ್ಣದ ಒಂದು ಬಿರಡೆ, ಅದರ ಮೇಲ್ಮುಖದ ಸುತ್ತ ಒಂದರಿಂದ ಎಂಟರವರೆಗೆ ಬಿಳಿ ಅಂಕಿ. ಒಂದು ಎಂದರೆ ಸುಮಾರು ನೂರು ಗಜದ ಗುರಿ, ಎಂಟು ಎಂದರೆ ಎಂಟು ನೂರು. ದೂರ ಹೋದಷ್ಟೂ ಗುಂಡು ಇಳಿಯುತ್ತದೆ, ಆದ್ದರಿಂದ ಅಂಕಿ ಏರಿಸಿದಷ್ಟೂ ರೈಫಲ್ಲಿನ ಮೂತಿ ಮೇಲೆತ್ತಬೇಕಾಗುವಂತೆ ಒಳಗಿನ ಕಡ್ಡಿ ಕೆಳಕ್ಕೆ ಸರಿಯುತ್ತದೆ.

"ಒಂದ್ರಲ್ಲೇ ಇರ್ಲಿ. ನೂರು ಗಜದಾಚೆ ಇರೋ ಪ್ರಾಣೀಗೆ ನಾನು ಹೊಡಿಯಾಕಿಲ್ಲ" ಎಂದ ಅಪ್ಪ.

ಸಾಹೇಬರು ಅದನ್ನು ರೈಫಲ್ಲಿಗೆ ಕೂರಿಸಿದರು. ಕೆರೆಯಂಗಳದಲ್ಲಿ ಅಪ್ಪ ಮಡಕೆಯೊಂದನ್ನು ಇಟ್ಟು ಹೊಡೆದ. ಮಡಕೆ ಚೂರಾಯಿತು. ತೋಟಾ ಸಿಗದ ಕಾಲವಾದ್ದರಿಂದ ಅಪ್ಪ ಮತ್ತೆ ಹೊಡೆದು ನೋಡಲಿಲ್ಲ.

ಆಯುಧಪೂಜೆಗೆ ನಾನು ಊರಲ್ಲಿರಲಿಲ್ಲ, ಸಂದರ್ಶನವೊಂದಕ್ಕೆ ಬೆಂಗಳೂರಿಗೆ ಹೋಗಿದ್ದೆ. ಮರಳುವಷ್ಟರಲ್ಲಿ ಅವ್ವ ಹೊಸಕೋಟೆ ಕಡೆ, ಪಿಲ್ಲಗುಂಪೆಯಲ್ಲಿ, ತನ್ನ ತಂಗಿಯ ಬಾಣಂತನಕ್ಕೆ ಹೊರಟುಹೋಗಿದ್ದಳು. ಅದೇ ವಾರ ರೈಫಲ್ಲಿನ ಪಟ್ಟಿ ಸಿಕ್ಕಿಸುವ ಉಂಗುರ ಕಿತ್ತುಬಂತು. ಚಿಕ್ಕಪ್ಪ ರೈಫಲ್ಲನ್ನು ಸುತ್ತಿದ ಬಟ್ಟೆಯಲ್ಲೇ ಸಾಹೇಬರ ಅಂಗಡಿಯಲ್ಲಿ ಬಿಟ್ಟು, ಮಾರನೆಯ ದಿನ ತಂದ. ಇನ್ನೆರಡು ದಿನಕ್ಕೆ ಚಿರತೆ ಪಕ್ಕದ ಮನೆಯ ಕರುವನ್ನು ಗುಡ್ಡದ ಬುಡಕ್ಕೆ ಎಳೆದೊಯ್ದಿತು. ಅಪ್ಪ ಮರದ ಮೇಲೆ ಮಚಾನು ಕಟ್ಟಿಸಿ ಕುಳಿತ.

ಹೊತ್ತು ಮುಳುಗುವಾಗ ಒಂದೇ ಒಂದು ಗುಂಡಿನ ಸದ್ದು ಕೇಳಿತು. ಅಪ್ಪ ಮನೆಗೆ ಬಂದವನು ರೈಫಲ್ಲನ್ನು ಮೂಲೆಗೆ ಒರಗಿಸಿ ಕಾಲು ತೊಳೆದುಕೊಂಡ. ಬೆಳಗ್ಗೆ ಹೋಗಿ ನೋಡಿದವರು, ಕರುವಿನ ಹಿಂದಿನ ಬಂಡೆಯ ಮೇಲೆ, ಚಿರತೆಯ ಬೆನ್ನಿನ ಎತ್ತರಕ್ಕಿಂತ ಒಂದು ಗೇಣು ಮೇಲೆ, ಗುಂಡು ತಗುಲಿದ ಬಿಳಿ ಗಾಯವಿದೆ ಎಂದರು. ನಲವತ್ತು ಗಜದಿಂದ ಅಪ್ಪ ಗುರಿ ತಪ್ಪಿದ್ದ. ಅದು ಊರಿಗೆ ನಂಬಲಾಗದ ಸಂಗತಿ. ಅಪ್ಪನಿಗಂತೂ ನಾಚಿಕೆ.

ರೈಫಲ್ಲನ್ನು ಜಗಲಿಯ ಬಿಸಿಲಿಗೆ ಹಿಡಿದು ತಿರುಗಿಸುತ್ತಿದ್ದ ಚಿಕ್ಕಪ್ಪ ಇದ್ದಕ್ಕಿದ್ದಂತೆ ಕೂಗಿಕೊಂಡ.

"ಅಣ್ಣಾ, ಬಾ ಇಲ್ಲಿ! ಇದು ನೋಡು. ನಾವು ತಂದಾಗ ಈ ಬಿರಡೆ ಕಪ್ಪಗಿತ್ತಾ ಇಲ್ವಾ?"

ಬಿರಡೆ ಫಳಫಳ ಹೊಳೆಯುತ್ತಿತ್ತು. ಹಿತ್ತಾಳೆ. ಅಂಕಿ ಒಂದೂ ಕಾಣಲಿಲ್ಲ.

"ಏನಮ್ಮಾ, ಆರಿಸ್ದೋಳು ನೀನೇ ಅಲ್ವಾ? ಹೇಳು."

"ಕಪ್ಪಗಿತ್ತು. ಬಿಳಿ ಅಂಕಿ ಇತ್ತು" ಎಂದೆ. ಬೇರೆ ಏನು ಹೇಳಲಿ?

"ಆಯ್ತಲ್ಲ! ಜರ್ಮನಿದು ಕಿತ್ಕೊಂಡು, ಪೇಟೆ ಹಿತ್ತಾಳೆದು ಜಡಿದವ್ನೆ. ಒಳ್ಗಿನ್ ಗಾಜು ಇನ್ನೇನ್ ಉಳಿಸಿದಾನೋ! ಒಂದ್ ರಾತ್ರಿ ಅವನ್ ಅಂಗಡೀಲಿ ಬಿಟ್ಟಿದ್ದಕ್ಕೆ ಹಿಂಗೆ."

ಅಪ್ಪ, ಚಿಕ್ಕಪ್ಪ ಅಂದೇ ದೊಡ್ಡಬಳ್ಳಾಪುರಕ್ಕೆ ಹೋದರು. ನಾನೂ ಗಾಡಿ ಹತ್ತಿದೆ, ಯಾರೂ ಬೇಡವೆನ್ನಲಿಲ್ಲ. ಸಾಹೇಬರು ಕನ್ನಡಕ ಹಣೆಗೇರಿಸಿ ಬಿರಡೆಯನ್ನು ನೋಡಿದರು.

"ನಾನು ಉಂಗುರ ಹಾಕ್ದೆ, ಅಷ್ಟೇ ಗೌಡ್ರೇ. ದುರ್ಬೀನು ಮುಟ್ಟಿಲ್ಲ. ಇದು ಬಂದಾಗ್ಲೇ ಹಿಂಗಿತ್ತು."

"ಹಿಂಗಿತ್ತು ಅಂದ್ರೆ ನಮ್ಗ್ ಯಾಕೆ ಹೇಳ್ಲಿಲ್ಲ?" ಚಿಕ್ಕಪ್ಪ ಕೇಳಿದ.

"ನಿಮ್ ಸಾಮಾನು, ನೀವು ಏನೋ ಮಾಡಿಸ್ಕೊಂಡಿದೀರಿ ಅಂದ್ಕೊಂಡೆ."

"ಕೇಳ್ದಾ ಅಣ್ಣಾ, ಈಗ ನಾವೇ ಮಾಡ್ಸಿದೀವಂತೆ!"

ಸಾಹೇಬರು ಅಪ್ಪನ ಮುಖ ನೋಡಿದರು. "ಗೌಡ್ರೇ, ನೀವು ಹೇಳಿ. ಇಷ್ಟು ವರ್ಷದಲ್ಲಿ ನಿಮ್ದೊಂದು ಮೊಳೆ ನನ್ ಅಂಗಡೀಲಿ ಉಳಿದೈತಾ?"

ಅಪ್ಪ ರೈಫಲ್ಲನ್ನು ಎತ್ತಿ ಹೆಗಲಿಗೇರಿಸಿದ. ನಾನು ಸಾಹೇಬರ ಕೈಗಳನ್ನೇ ನೋಡುತ್ತಿದ್ದೆ, ಸುಳ್ಳು ಹೇಳುವವರ ಕೈ ಏನಾದರೂ ಮಾಡುತ್ತದೆಯೇ ಎಂದು. ಅವು ಸುಮ್ಮನೆ ಒರೆಸುವ ಬಟ್ಟೆಯನ್ನು ಮಡಿಸುತ್ತಿದ್ದವು. ಅದರಿಂದ ನನಗೇನೂ ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ಚಿಕ್ಕಪ್ಪ ತಾಲ್ಲೂಕಿನ ಅಮಲ್ದಾರರ ಕಚೇರಿಗೆ ಅರ್ಜಿ ಬರೆದ. ಕರೀಂ ಸಾಹೇಬರ ರಿಪೇರಿ ಲೈಸೆನ್ಸು ರದ್ದು ಮಾಡಬೇಕೆಂದು. ಲೈಸೆನ್ಸು ಹೋದರೆ ಅಂಗಡಿ ಮುಚ್ಚಬೇಕು. ಆ ಮನೆಗೆ ಬೇರೆ ಕಸುಬಿಲ್ಲ. ರೈಫಲ್ಲು ಅಪ್ಪನ ಹೆಸರಿನಲ್ಲಿದ್ದುದರಿಂದ ಅಪ್ಪನ ರುಜು ಬೇಕಿತ್ತು. ಸೋಮವಾರ ಕಚೇರಿಗೆ ಹೋಗುವುದೆಂದಾಯಿತು. ಅಷ್ಟರಲ್ಲೇ ಸುದ್ದಿ ಹರಡಿ, ಸಾಸಲು ಊರಿನವರೊಬ್ಬರು ರಿಪೇರಿಗೆ ಕೊಟ್ಟಿದ್ದ ತಮ್ಮ ಕೋವಿಯನ್ನು ವಾಪಸು ತಂದುಕೊಂಡರಂತೆ. ಚಿಕ್ಕಪ್ಪ ಪ್ರತಿದಿನ ಜಗಲಿಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಉತ್ತರದ ಕಡೆಯ ಕೋಮುಗಲಭೆಯ ಸುದ್ದಿ ಅದರಲ್ಲಿ ತುಂಬಿರುತ್ತಿತ್ತು. ಆ ವರ್ಷ ಜನ ಬೇಗ ನಂಬುತ್ತಿದ್ದುದು ಕೆಟ್ಟದ್ದನ್ನೇ.

ನಾನೂ ಸಾಹೇಬರನ್ನು ಅನುಮಾನಿಸಿದೆ. ಅಂಗಡಿಯವನನ್ನೂ ಅನುಮಾನಿಸಿದೆ. ರೈಫಲ್ಲು ಕೊಂಡುಹೋಗಿ ತಂದದ್ದು ಚಿಕ್ಕಪ್ಪನಲ್ಲವೇ ಎಂದೂ ಒಮ್ಮೆ ಯೋಚಿಸಿದೆ. ಯಾರನ್ನು ಅನುಮಾನಿಸಿದರೂ ಒಂದು ಪ್ರಶ್ನೆ ಉಳಿಯುತ್ತಿತ್ತು. ಕದಿಯುವವನು ಬೆಲೆಬಾಳುವ ಗಾಜು ಬಿಟ್ಟು ಬಿರಡೆ ಏಕೆ ಕದಿಯುತ್ತಾನೆ?

ಶನಿವಾರ ಅಪ್ಪನನ್ನು ಕೇಳಿ ರೈಫಲ್ಲನ್ನು ಹಿತ್ತಲಿಗೆ ತಂದೆ. ತೋಟಾ ಇಲ್ಲವೆಂದು ಅಪ್ಪನೇ ನೋಡಿಕೊಟ್ಟ. ದುರ್ಬೀನಿನಲ್ಲಿ ಕಣ್ಣಿಟ್ಟೆ. ನೋಟ ಸ್ವಚ್ಛವಾಗಿತ್ತು, ಗಾಜು ಅವೇ. ಆದರೆ ಕಡ್ಡಿಯ ತುದಿ ವೃತ್ತದ ನಡುವೆ ಇರಲಿಲ್ಲ. ಅದು ಕೆಳಗಿಳಿದು, ಮುಳುಗುತ್ತಿರುವ ಕಂಬದಂತೆ ನಿಂತಿತ್ತು. ಮುಸ್ಸಂಜೆಯಲ್ಲಿ ಪ್ರಾಣಿಯನ್ನೇ ನೋಡುತ್ತಿರುವವರಿಗೆ ಇದು ಕಾಣುವುದಿಲ್ಲ.

ರಾಗಿ ಮೂಟೆಗಳ ನಡುವೆ ರೈಫಲ್ಲನ್ನು ಅಲುಗದಂತೆ ಕೂರಿಸಿ, ಹಿಂದಿನ ಬೋಲ್ಟನ್ನು ಅಪ್ಪನಿಂದ ತೆಗೆಸಿ, ಬರಿ ನಳಿಗೆಯ ಮೂಲಕ ನೋಡಿದೆ. ಕೆರೆ ಏರಿಯ ಮೇಲಿನ ಬಿಳಿ ಕಲ್ಲು ನಳಿಗೆಯ ನಡುವಿಗೆ ಬರುವಂತೆ ಸರಿಪಡಿಸಿದೆ. ಆಮೇಲೆ ಅಲುಗಿಸದೆ ದುರ್ಬೀನಿನಲ್ಲಿ ನೋಡಿದೆ. ಕಡ್ಡಿಯ ತುದಿ ಕಲ್ಲಿನ ಮೇಲಿರಲಿಲ್ಲ. ಏರಿಯ ಬುಡದ ಹುಲ್ಲಿನಲ್ಲಿತ್ತು. ತುದಿಯನ್ನು ಚಿರತೆಯ ಮೇಲಿಟ್ಟರೆ ನಳಿಗೆ ಅದರ ಬೆನ್ನಿನ ಮೇಲಕ್ಕೆ ನೋಡುತ್ತದೆ. ಅಪ್ಪನ ಗುರಿ ತಪ್ಪಿರಲಿಲ್ಲ.

"ಏನಮ್ಮಾ ಅದು?" ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ. "ಸೋಮವಾರ ಅದನ್ನ ಕಚೇರೀಲಿ ತೋರಿಸ್ಬೇಕು. ಏನೂ ತಿರುಗಿಸ್ಬೇಡ."

"ತಿರುಗಿಸಲ್ಲ. ನೋಡ್ತೀನಿ ಅಷ್ಟೇ."

"ಓದಿರೋರು ನೋಡ್ತಾ ನೋಡ್ತಾನೇ ಕೆಡಿಸ್ತಾರೆ" ಎಂದು ಅಲ್ಲೇ ಕಲ್ಲಿನ ಮೇಲೆ ಕೂತ, ನನ್ನನ್ನು ಕಾಯುವುದಕ್ಕೆ.

ಬಿರಡೆಯ ಮೇಲ್ಮುಖಕ್ಕೆ ಸೀಮೆಸುಣ್ಣದ ಪುಡಿ ಉಜ್ಜಿ ಬೆರಳಿನಿಂದ ಒರೆಸಿದೆ. ಕೊರೆದ ಗೆರೆಗಳಲ್ಲಿ ಬಿಳುಪು ಉಳಿದು ಅಂಕಿಗಳು ಒಂದೊಂದಾಗಿ ಎದ್ದುಬಂದವು. ನಾನು ಅಂಗಡಿಯಲ್ಲಿ ಕಂಡವೇ, ಅದೇ ಬರವಣಿಗೆ. ಅಂಚಿನ ಕೆಳಗೆ ಉಗುರಿನಷ್ಟು ಹಳೆಯ ಕಪ್ಪು ಬಣ್ಣವೂ ಇತ್ತು. ಬಿರಡೆ ಬದಲಾಗಿರಲಿಲ್ಲ. ಯಾರೋ ಅದರ ಬಣ್ಣ ತೆಗೆದಿದ್ದರು, ತಿರುಗಿಸಿಯೂ ಇದ್ದರು. ಅದು ಎಂಟಕ್ಕೆ ಹೋಗಿ ನಿಂತಿತ್ತು.

ಹಾಗಾದರೆ ಯಾರು, ಯಾವಾಗ? ಸಾಹೇಬರ ಅಂಗಡಿಯಲ್ಲೇ ತಿರುಗಿರಬಹುದಲ್ಲ. ಬಿರಡೆಯನ್ನು ಮೂಗಿನ ಹತ್ತಿರ ತಂದು ನೋಡುವಾಗ ಮೊದಲು ವಾಸನೆ ಬಂತು. ಹುಣಸೆಹುಳಿ. ಆಮೇಲೆ ಬಿರಡೆಯ ಪಕ್ಕದ ಗೀರುಗಳಲ್ಲಿ ಒಣಗಿದ ಮೂರು ಬಿಳಿ ಪಟ್ಟೆ ಕಂಡವು. ಸೀಮೆಸುಣ್ಣವಲ್ಲ, ಗಂಧ ಕಲಸಿದ ವಿಭೂತಿ. ಮೂರು ಬೆರಳಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆದದ್ದು. ಪಟ್ಟೆಗಳು ಬಿರಡೆಯಿಂದ ಇಳಿದು, ಅದರ ಕೆಳಗಿನ ತಿರುಗದ ಬಳೆಯ ಮೇಲೆ ಒಂದಿಷ್ಟೂ ಕೊಂಕಿಲ್ಲದೆ ಮುಂದುವರಿದಿದ್ದವು.

ಬಿರಡೆಯನ್ನೂ ಬಳೆಯನ್ನೂ ಇನ್ನೊಮ್ಮೆ ಬಿಸಿಲಿಗೆ ಹಿಡಿದು ನೋಡಿದೆ. ಆಮೇಲೆ ಅಪ್ಪನನ್ನು ಕರೆದೆ.

"ಪೂಜೆ ದಿನ ವಿಭೂತಿ ಹಚ್ಚಿದಾಗ ಇದು ಎಂಟರಲ್ಲೇ ಇತ್ತಪ್ಪ. ಆಮೇಲೆ ಯಾರಾದ್ರೂ ತಿರುಗಿಸಿದ್ರೆ ಪಟ್ಟೆ ಮುರೀಬೇಕಿತ್ತು. ಮುರಿದಿಲ್ಲ. ರೈಫಲ್ಲು ಸಾಹೇಬ್ರ ಹತ್ರ ಹೋಗಿದ್ದು ಪೂಜೆ ಆದ್ಮೇಲೆ."

ಅಪ್ಪ ಬಗ್ಗಿ ನೋಡಿದ. ಚಿಕ್ಕಪ್ಪನೂ ಬಗ್ಗಿದ.

"ಆ ಸಾಯ್ಬನೇ ಹಚ್ಚಿರ್ಬೋದು" ಎಂದ ಚಿಕ್ಕಪ್ಪ.

"ಸಾಹೇಬ್ರು ವಿಭೂತಿ ಹಚ್ಚಿದ್ರಾ ಚಿಕ್ಕಪ್ಪ?"

ಅಪ್ಪನಿಗೆ ಆ ವಾರದಲ್ಲಿ ಮೊದಲ ಸಲ ನಗು ಬಂತು. ಚಿಕ್ಕಪ್ಪ ನಗಲಿಲ್ಲ. "ಮನೇಲಿ ತೊಳ್ದೋರು ಯಾರು ಅಂತ ಗೊತ್ತಾಗೋತನಕ ನಾನು ಅರ್ಜಿ ಹರಿಯಲ್ಲ" ಎಂದ. ಅದೂ ಒಂದು ಬಗೆಯಲ್ಲಿ ನ್ಯಾಯವೇ.

ಭಾನುವಾರ ಮಧ್ಯಾಹ್ನ ಅವ್ವ ಬಂದಳು. ಗಾಡಿಯಿಂದ ಇಳಿದು, ತಂಗಿಯ ಮಗುವಿನ ಬಣ್ಣ ಹೇಳುತ್ತಿರುವಾಗಲೇ ಚಿಕ್ಕಪ್ಪ ಅಡ್ಡ ಬಂದ.

"ಅತ್ಗೆ, ಅದಿರ್ಲಿ. ಪೂಜೆಗೆ ಬಂದೂಕ ತೊಳ್ದೋರು ಯಾರು?"

"ನಾನೇ. ಇನ್ಯಾರು ತೊಳೀತಾರೆ? ನೀನು ತೊಳ್ದಿದ್ಯಾ?"

"ಈ ಬಿರಡೆ?"

"ಅಯ್ಯೋ, ಅದಾ? ಕಪ್ ಹಿಡ್ಕೊಂಡ್ ಕೂತಿತ್ತು ಕಣಪ್ಪ. ಅಂಚಲ್ಲಿ ಚೂರು ಬಣ್ಣ ಹೋಗಿ ಹಿತ್ತಾಳೆ ಕಾಣ್ತು. ದೇವ್ರ ಮುಂದೆ ಮಸಿ ಹಿಡಿದ್ ಸಾಮಾನು ಇಡಕ್ಕಾಯ್ತದಾ? ಹುಳಿ ಬೂದಿ ಹಾಕಿ ತಿಕ್ದೆ ತಿಕ್ದೆ, ರೆಟ್ಟೆ ಬಿದ್ದೋಯ್ತು. ಕುಂಕುಮದ ಭರಣಿ ಮುಚ್ಚಳದಂಗಿತ್ತಲ್ಲ, ಬಿಚ್ಚಿ ತೊಳೆಯಾನಾ ಅಂತ ತಿರುಗಿಸ್ದೆ. ಹಾಳಾದ್ದು ಬರ್ಲಿಲ್ಲ. ಕೊನೇತನ್ಕ ತಿರುಗಿ ನಿಂತ್ಕಂಡ್ಬಿಡ್ತು." ಎಲ್ಲರ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕೆ? ಏನಾಯ್ತು?"

ಅಪ್ಪ ಒಳಗೆ ಹೋಗಿ ಪೇಟ ಸುತ್ತಿಕೊಂಡು ಬಂದ. "ಗಾಡಿ ಬಿಚ್ಬೇಡ್ರೋ" ಎಂದ.

ಚಿಕ್ಕಪ್ಪ ಬರಲಿಲ್ಲ. ಅಪ್ಪ, ನಾನು ಹೊತ್ತಿಳಿಯುವ ಮುಂಚೆ ದೊಡ್ಡಬಳ್ಳಾಪುರ ಸೇರಿದೆವು. ಅಂಗಡಿಯಲ್ಲಿ ಸದಾ ಗೋಡೆಗೆ ಒರಗಿರುತ್ತಿದ್ದ ರಿಪೇರಿ ಕೋವಿಗಳ ಸಾಲಿನಲ್ಲಿ ಆ ದಿನ ಒಂದೂ ಇರಲಿಲ್ಲ. ಸಾಹೇಬರು ಎದ್ದು ನಿಂತು ಅಪ್ಪನಿಗೆ ಕುರ್ಚಿ ಹಾಕಿದರು. ಹಾಗೆ ಕುರ್ಚಿ ಹಾಕುವ ರೂಢಿ ಅಲ್ಲಿ ಇರಲಿಲ್ಲ. ಅಪ್ಪ ಯಾವಾಗಲೂ ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕೂರುತ್ತಿದ್ದ.

ಅಪ್ಪ ನಡೆದದ್ದನ್ನು ಹೇಳಿದ, ಏನನ್ನೂ ಬಿಡದೆ. ಅವ್ವನ ಮುಚ್ಚಳದ ಮಾತು ಬಂದಾಗ ತಾನೇ ನಗಲು ನೋಡಿದ. ಸಾಹೇಬರು ನಗಲಿಲ್ಲ, ಸಿಟ್ಟನ್ನೂ ತೋರಿಸಲಿಲ್ಲ.

"ಅರ್ಜಿ ಹರಿದಾಕ್ತೀನಿ ಸಾಹೇಬ್ರೇ. ಸಾಸಲಿನವರಿಗೂ ನಾನೇ ಹೋಗಿ ಹೇಳ್ತೀನಿ."

"ಹೇಳಿ ಗೌಡ್ರೇ" ಎಂದರು ಅಷ್ಟೇ.

ನನ್ನ ಕಡೆ ತಿರುಗಿ, "ಎಷ್ಟಕ್ಕೆ ತರ್ಬೇಕಮ್ಮಾ?" ಎಂದು ಕೇಳಿದರು. "ಒಂದಕ್ಕೆ" ಎಂದೆ. ಅವರು ತಿರುಗಿಸಿದರು. ಮೂರು ಪಟ್ಟೆಗಳು ಅಲ್ಲಿಗೆ ಮುರಿದವು. ಆಮೇಲೆ ಪೆಟ್ಟಿಗೆಯಿಂದ ಗಟ್ಟಿ ದಾರ ತೆಗೆದು ಬಿರಡೆಯನ್ನೂ ಕೊಳವೆಯನ್ನೂ ಸೇರಿಸಿ ಬಿಗಿದರು. ಕೆಂಪು ಅರಗನ್ನು ದೀಪಕ್ಕೆ ಹಿಡಿದು ಗಂಟಿನ ಮೇಲೆ ತೊಟ್ಟಿಕ್ಕಿದರು.

"ನಿಮ್ಮ ಉಂಗುರ ಒತ್ತಿ ಗೌಡ್ರೇ."

"ಇದೆಲ್ಲ ಯಾಕೆ ಸಾಹೇಬ್ರೇ? ನನ್ಗೇನು ನಿಮ್ ಮೇಲೆ..."

"ಒತ್ತಿ. ಯಾರು ಒಡೆದ್ರೂ ಗೊತ್ತಾಗ್ಬೇಕು. ಅಂಗಡೀಗೆ ಬರೋವಾಗ ನಾನು ಮೊದ್ಲು ಇದನ್ನ ನೋಡ್ತೀನಿ. ಹೋಗೋವಾಗ ನೀವು ನೋಡ್ಕೊಳ್ಳಿ."

ಅಪ್ಪ ಬೆರಳಿನ ಉಂಗುರವನ್ನು ಒತ್ತಿದ. ಅರಗು ಆರುವವರೆಗೂ ಸಾಹೇಬರು ಅದರ ಮೇಲೆ ಮೆಲ್ಲಗೆ ಊದುತ್ತಿದ್ದರು.

ಆ ಚಿರತೆ ಮತ್ತೆ ನಮ್ಮ ಕಡೆ ಬರಲಿಲ್ಲ. ಬೇರೆ ಎಲ್ಲೋ ಬೋನಿಗೆ ಬಿತ್ತೆಂದು ಕೇಳಿದೆವು. ಸಾಹೇಬರ ಅಂಗಡಿಯ ಗೋಡೆಗೆ ಕೋವಿಗಳು ಒಂದೊಂದಾಗಿ ಹಿಂತಿರುಗಿದವು. ಅಪ್ಪನೂ ಮೊದಲಿನಂತೆ ಹೋಗುತ್ತಿದ್ದ, ಆದರೆ ಅವನಿಗೆ ಕುರ್ಚಿಯೇ ಕಾದಿರುತ್ತಿತ್ತು. ಪ್ರತಿ ಸಲವೂ ಇಬ್ಬರೂ ಬಗ್ಗಿ ಅರಗನ್ನು ನೋಡುತ್ತಿದ್ದರಂತೆ.

ಮರುವರ್ಷದ ಆಯುಧಪೂಜೆಗೆ ನಾನು ಊರಲ್ಲಿದ್ದೆ. ಅವ್ವ ಬಿಂದಿಗೆ, ದೀಪದ ಕಂಬ, ಗಾಡಿಯ ಗೆಜ್ಜೆ ಎಲ್ಲವನ್ನೂ ಹುಳಿ ಹಚ್ಚಿ ಬೆಳಗಿ ಸಾಲಾಗಿ ಜೋಡಿಸಿದಳು. ರೈಫಲ್ಲನ್ನು ಅಪ್ಪನೇ ತಂದು ಮಲಗಿಸಿದ. ಬಿರಡೆ ಮಂಕಾಗಿತ್ತು. ಅವ್ವ ನಳಿಗೆಗೆ ವಿಭೂತಿ ಎಳೆದಳು, ಹಿಡಿಗೆ ಕುಂಕುಮ ಇಟ್ಟಳು. ಕೊನೆಗೆ ಉಂಗುರದ ಬೆರಳನ್ನು ಕುಂಕುಮಕ್ಕೆ ಅದ್ದಿ ಆ ಅರಗಿನ ಮುದ್ರೆಯವರೆಗೂ ಕೈ ಕೊಂಡೊಯ್ದವಳು, ಅಲ್ಲೇ ತಡೆದು ನಿಲ್ಲಿಸಿದಳು.

"ಬ್ಯಾಡ ಬಿಡು" ಎಂದು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಆಮೇಲೆ ಸಾಯೇಬ್ರು ಏನಂದ್ಕಂಡಾರೋ."